ಬಹುವಚನದ ನಾಯಿ

೧

“ಗ್ಯಾಸ್ ಆಫ್ ಮಾಡಿದ್ನಾ?”

ಅವಳು ಕೇಳಿದ್ದು ಗಟ್ಟಿಯಾಗಿಯೇ. ಆದರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿನ ಕೊನೆ, ಗೋಡೆಗೆ ಒರಗಿಸಿಟ್ಟ ಯಾರದೋ ಸೈಕಲ್ಲು, ಬಾಯಿ ತೆರೆದ ಅಂಚೆಡಬ್ಬಿಗಳ ಒಂದು ಸಾಲು, ಅಷ್ಟೇ. ಸೈಕಲ್ಲು ಉತ್ತರ ಕೊಡಲಿಲ್ಲ. ಅವಳು ಚೀಲವನ್ನು ಹೆಗಲಿಗೇರಿಸಿ ಮತ್ತೆ ಮೇಲಕ್ಕೆ ಹತ್ತಿದಳು.

ಓದುವವರೇ, ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? ಕಥೆ ಹೇಳುವವನಿಗೆ ಅನುಮಾನವಿದೆ. ಹಿಂದೆ ಪದ್ಯ ಓದಿ ಅರ್ಥ ಹೇಳುತ್ತಿದ್ದವರು ಮೊದಲು ದೇವರಿಗೆ ಕೈ ಮುಗಿಯುತ್ತಿದ್ದರು, ಆಮೇಲೆ ಗುರುವಿಗೆ, ಆಮೇಲೆ ಎದುರಿಗೆ ಕೂತು ಕೇಳುವವರಿಗೆ. ಕಥೆ ಅಷ್ಟು ಹೊತ್ತೂ ಚಪ್ಪಲಿ ಬಿಟ್ಟು ಹೊರಗೆ ಕಾಯುತ್ತಿತ್ತು. ಇಲ್ಲಿ ನೋಡಿದರೆ ಶುರುವಿನಲ್ಲೇ ಗ್ಯಾಸ್ ಒಲೆ. ಸರಿ, ಒಲೆಗೊಂದು ನಮಸ್ಕಾರ. ಕೇಳುವವರಿಗೊಂದು. ನಾಯಿ ಇನ್ನೂ ಬಂದಿಲ್ಲ, ಅದರ ಪಾಲಿನ ನಮಸ್ಕಾರ ಬಾಕಿ ಇರಲಿ.

(ಒಲೆ ಆಫ್ ಆಗಿತ್ತು. ಪ್ರತಿ ಸಲವೂ ಆಗಿರುತ್ತದೆ.)

೨

ಅವಳ ಕೆಲಸ ಏನೆಂದು ಹೇಳಿದರೆ ಇದೆಲ್ಲ ಕಟ್ಟುಕಥೆ ಎನ್ನುತ್ತೀರಿ. ಕಟ್ಟುಕಥೆಯೇ, ಆದರೂ ಕೇಳಿ. ಅವಳು ಲಿಫ್ಟ್ ಕಂಪನಿಯೊಂದರಲ್ಲಿ ಫೋನ್ ಎತ್ತುವವಳು. ಎಲ್ಲೋ ಒಂದು ಕಟ್ಟಡದಲ್ಲಿ ಲಿಫ್ಟ್ ನಡುವೆ ನಿಂತುಹೋಗುತ್ತದೆ, ಒಳಗಿದ್ದವರು ಕೆಂಪು ಗುಂಡಿ ಒತ್ತುತ್ತಾರೆ, ಆ ಗುಂಡಿಯ ಇನ್ನೊಂದು ತುದಿಯಲ್ಲಿ ಇವಳಿರುತ್ತಾಳೆ.

“ಗಾಬರಿ ಆಗ್ಬೇಡಿ, ನಾನಿದ್ದೀನಿ. ಎಷ್ಟು ಜನ ಇದ್ದೀರಿ ಒಳಗೆ? ಬಾಗಿಲು ಮೀಟೋಕೆ ಹೋಗ್ಬೇಡಿ. ನೆಲದ ಮೇಲೆ ಕೂತ್ಕೊಳ್ಳಿ. ಉಸಿರು ಬಿಡಿ. ಹಾಂ, ನಿಧಾನಕ್ಕೆ.”

ಇಡೀ ದಿನ ಇದೇ. ಎಳೆಯರು, ಮುದುಕರು, ಬೈಯುವವರು, ಅಳುವವರು, ಎಲ್ಲರಿಗೂ ನೀವು, ತಾವು, ದಯವಿಟ್ಟು. ಕಂಪನಿಯವರು ಕಲಿಸಿಕೊಟ್ಟ ಇನ್ನೊಂದು ಪಾಠವಿದೆ: ಫೋನಿನಲ್ಲಿ ‘ಇಲ್ಲ’ ಅನ್ನುವ ಪದ ಬಾಯಿಂದ ಬರಕೂಡದು. “ಮೆಕ್ಯಾನಿಕ್ ಹೊರಟಿದಾರಾ?” ಎಂದು ಕೇಳಿದರೆ “ಹೊರಡ್ತಿದ್ದಾರೆ” ಎನ್ನಬೇಕು. “ನಾನು ಸತ್ತುಹೋಗ್ತೀನಾ?” ಎಂದು ಕೇಳಿದರೂ ‘ಇಲ್ಲ’ ಎನ್ನುವಂತಿಲ್ಲ, “ತಾವು ಸುರಕ್ಷಿತವಾಗಿದ್ದೀರಿ” ಎನ್ನಬೇಕು. ಹೀಗೆ ವರ್ಷಗಟ್ಟಲೆ ಆ ಪದ ಬಳಸದೆ ಅವಳ ನಾಲಿಗೆಯಲ್ಲಿ ಅದಿದ್ದ ಜಾಗಕ್ಕೆ ತುಕ್ಕು ಹಿಡಿದಿದೆ. ಪಕ್ಕದ ಮೇಜಿನವರು ರಜೆ ಬೇಕು, ನಿಮ್ಮ ಪಾಳಿ ಬದಲಾಯಿಸಿಕೊಳ್ಳಿ ಎಂದರೂ ಸರಿ ಎನ್ನುತ್ತಾಳೆ. ತರಕಾರಿಯವನು ಬಾಡಿದ್ದನ್ನು ಚೀಲಕ್ಕೆ ಹಾಕಿದರೂ ಸರಿ.

ಆಫೀಸಿನಲ್ಲಿ ಅವಳ ಹೆಸರು ಲಿಫ್ಟಕ್ಕ. ಲಿಫ್ಟಕ್ಕ ಲಿಫ್ಟ್ ಹತ್ತುವುದಿಲ್ಲ. ಮೂರನೇ ಮಹಡಿಯ ಮನೆಗೆ ಮೆಟ್ಟಿಲೇ. “ಅಡುಗೆ ಮಾಡಿದವಳಿಗೆ ಗೊತ್ತಿರಲ್ವಾ ಒಳಗೆ ಏನು ಹಾಕಿದೀನಿ ಅಂತ” ಎಂದು ನಗಿಸುತ್ತಾಳೆ. ನಿಜ ಬೇರೆ. ಅಮ್ಮ ತೀರಿಕೊಂಡ ಮೇಲೆ ಶುರುವಾದದ್ದು ಅದು. ಮನೆಬಾಗಿಲು ಹಾಕಿದ ಕೂಡಲೇ ಎದೆಯೊಳಗೆ ಯಾರೋ ಕೆಂಪು ಗುಂಡಿ ಒತ್ತುತ್ತಾರೆ. ಇನ್ನೊಂದು ತುದಿಯಲ್ಲಿ ಎತ್ತುವವರು ಯಾರೂ ಇಲ್ಲ.

೨ (ಮತ್ತೊಮ್ಮೆ, ಅವಳು ತಡೆದದ್ದರಿಂದ)

“ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ.”

“ಕೇಳು,” ಎಂದ ಕಥೆ ಹೇಳುವವನು.

“ನನ್ನನ್ನ ಅವಳು, ಇವಳು, ಹತ್ತಿದಳು, ಇಳಿದಳು ಅಂತ ಬರೀತಿದ್ದೀರಲ್ಲ. ಆಫೀಸಲ್ಲಿ ಯಾರೂ ನನ್ನ ಬಗ್ಗೆ ಹಾಗೆ ಮಾತಾಡಲ್ಲ.”

ಕಥೆ ಹೇಳುವವನು ಸ್ವಲ್ಪ ತಬ್ಬಿಬ್ಬಾದ. ಕಥೆಯಲ್ಲಿ ಹಾಗೆ ರೂಢಿ, ಹತ್ತಿರದವರು ಅನ್ನಿಸಲಿ ಅಂತ, ಎಂದೇನೋ ಗೊಣಗಿದ. ಬೇಕಿದ್ದರೆ ತಿದ್ದುತ್ತೇನೆ ಎಂದು ಬರೆದೂ ತೋರಿಸಿದ: ‘ಅವರು ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿದರು.’

ಅವಳು ಓದಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಅಯ್ಯೋ ಬೇಡಪ್ಪ, ಯಾರೋ ಉದ್ಘಾಟನೆಗೆ ಬಂದ ಹಾಗಿದೆ. ಮೊದಲಿನ ಹಾಗೇ ಇರಲಿ.” ಆಮೇಲೆ ಸೆರಗು ಸರಿಮಾಡಿಕೊಂಡು ಅಂದಳು: “ಅಮ್ಮ ಹೋದ ಮೇಲೆ ನನ್ನನ್ನ ನೀನು ಅನ್ನೋರು ಯಾರೂ ಉಳಿದಿಲ್ಲ. ನೀವಾದ್ರೂ ಅನ್ನಿ.”

ಇಲ್ಲಿಯವರೆಗೆ ಕಥೆ ಹೇಳುವವನು ಇದನ್ನು ಗ್ಯಾಸ್ ಒಲೆಯ ಕಥೆ ಎಂದುಕೊಂಡಿದ್ದ.

ತಮ್ಮನೊಬ್ಬ ಇದ್ದಾನೆ. ಆದರೆ ಬಹಳ ಚಿಕ್ಕವನು. ಅಕ್ಕನನ್ನು ನೀವು ಅನ್ನಬೇಕು ಎಂದು ಅಮ್ಮನೇ ಕಲಿಸಿದ್ದಳು, ಅವನು ಕಲಿತದ್ದನ್ನು ಬಿಡುವ ಪೈಕಿ ಅಲ್ಲ. ಭಾನುವಾರಕ್ಕೊಂದು ಫೋನು.

“ಅಕ್ಕ, ನೀವೊಂದು ನಾಯಿ ಸಾಕಿ.”

“ಯಾಕೋ, ಕಳ್ಳರು ಬರ್ತಾರೆ ಅಂತಾನಾ?”

“ಕಳ್ಳರಿಗಲ್ಲಕ್ಕ, ನಿಮಗೆ. ಡಾಕ್ಟರೂ ಅದನ್ನೇ ಹೇಳಿದ್ರಲ್ಲ, ಮನೇಲಿ ಇನ್ನೊಂದು ಉಸಿರು ಇರಲಿ ಅಂತ.”

“ಆ ಇನ್ನೊಂದು ಉಸಿರಿಗೆ ಊಟ ಹಾಕೋರು ಯಾರು?”

“ನೀವೇ. ಅದಕ್ಕೇ ಸಾಕಿ ಅಂದಿದ್ದು.”

ಫೋನಿಟ್ಟ ಮೇಲೆ ಅವಳಿಗೆ ಬೇರೊಂದು ಹೊಳೆಯಿತು. ಫೋನಿನಲ್ಲಿ ‘ಏನೋ’ ಎನ್ನಲು ತಮ್ಮನಿದ್ದಾನೆ, ಸರಿ. ಎದುರಿಗೆ ಕೂರಿಸಿಕೊಂಡು, ತಲೆ ಸವರಿ, ‘ಏನೋ ಕಳ್ಳ, ಎಲ್ಲೋ ಹೋಗಿದ್ದೆ ನೀನು’ ಎನ್ನಲು ಒಂದು ಜೀವ ಬೇಕಲ್ಲ. ನಾಯಿಗೆ ಯಾರು ತಾವು ಅಂತಾರೆ?

(ಈ ಪ್ರಶ್ನೆಯನ್ನು ಕಥೆ ಹೇಳುವವನು ಬೇಕೆಂದೇ ಇಲ್ಲಿ ಇಟ್ಟಿದ್ದಾನೆ. ಕಾಲಿಗೆ ಸಿಗಲಿ ಎಂದು.)

೩

ಬಿಟ್ಟುಹೋದ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಉದ್ದನೆಯ ಶೆಡ್ಡು. ಅದನ್ನು ನೋಡಿಕೊಳ್ಳುವ ಹೆಂಗಸಿಗೆ ನಾಯಿ ಆಂಟಿ ಎಂದೇ ಹೆಸರು. ಇವಳು ಒಳಗೆ ಕಾಲಿಟ್ಟದ್ದೇ ತಡ, ಅಷ್ಟೂ ಬೋನುಗಳು ಒಟ್ಟಿಗೆ ಬೊಗಳಿದವು. ಒಂದು ಮಾತ್ರ ಸುಮ್ಮನಿತ್ತು. ಕಂದು ಬಣ್ಣ, ಒಂದು ಕಿವಿ ಮಡಚಿದ್ದು, ವಯಸ್ಸಾದ ಮೂತಿ. ಗೋಡೆ ನೋಡಿಕೊಂಡು ಮಲಗಿತ್ತು.

“ಅದು ಕಿವುಡು ಕಣ್ರೀ,” ಎಂದಳು ನಾಯಿ ಆಂಟಿ. “ಬಾ ಅಂದ್ರೆ ಬರಲ್ಲ, ಕೂತ್ಕೋ ಅಂದ್ರೆ ಕೂರಲ್ಲ. ಬಂದವರೆಲ್ಲ ಕರೆದು ಕರೆದು ಸಾಕಾಗಿ ಪಕ್ಕದ್ದನ್ನ ತಗೊಂಡು ಹೋಗ್ತಾರೆ. ಮಾತು ಕೇಳೋ ನಾಯಿ ಬೇಕಲ್ಲ ಎಲ್ಲರಿಗೂ. ನಿಮಗೆ ಎಂಥದ್ದು ಬೇಕು?”

“ನಾನು ಇಡೀ ದಿನ ಮಾತಾಡ್ತೀನಿ ಆಂಟಿ. ಒಬ್ಬರಾದ್ರೂ ಕೇಳಿಸಿಕೊಳ್ಳದೇ ಇರಲಿ. ಇದನ್ನೇ ಕೊಡಿ.”

ಪಾತ್ರೆ ಬಿದ್ದರೆ ಕಿವಿ ನಿಮಿರುತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ನಿಮಿರುತ್ತಿತ್ತು. ಯಾರೂ ನೋಡಿರಲಿಲ್ಲ. ಕಿವುಡು ಎಂದು ಒಮ್ಮೆ ಹೆಸರು ಬಿದ್ದ ಮೇಲೆ ಯಾರು ಕಿವಿಯ ಕಡೆ ನೋಡುತ್ತಾರೆ.

ಮನೆಗೆ ತಂದು ಗುಂಡ ಎಂದು ಹೆಸರಿಟ್ಟಳು. “ಬಾರೋ ಗುಂಡ. ಹೇಗಿದೆಯೋ ಹೊಸ ಮನೆ? ಏನೋ ನೀನು, ಅಡುಗೆಮನೆ ನೋಡಿದ್ಯಾ?” ಕಿವುಡು ಎಂದು ಗೊತ್ತಿದ್ದೂ ಹೇಳಿದಳು. ಬಾಯಿತುಂಬ ಹೇಳಿದಳು. ಗುಂಡ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ, ಬಂದ ನೆಂಟ ರೈಲಿಗೆ ಕಾಯುವ ಹಾಗೆ ಕೂತಿತ್ತು. ತಟ್ಟೆ ಎದುರಿಗಿಟ್ಟರೆ ಮುಖ ತಿರುಗಿಸಿ ಅವಳು ಅತ್ತ ಹೋದ ಮೇಲೆ ತಿನ್ನುತ್ತಿತ್ತು.

ಕೆಂಪು ಗುಂಡಿಯಂತೂ ಎಂದಿನಂತೆ. ಬೆಳಿಗ್ಗೆ ನಾಯಿಯನ್ನು ಹೊರಗೆ ಸುತ್ತಾಡಿಸಲು ಮೆಟ್ಟಿಲಿಳಿದು, “ಗ್ಯಾಸ್ ಆಫ್ ಮಾಡಿದ್ನಾ?” ಎಂದು ಮತ್ತೆ ಹತ್ತುವುದು, ಬೆಲ್ಟಿನ ತುದಿಯಲ್ಲಿ ಪಾಪದ ಪ್ರಾಣಿಯೂ ಹತ್ತುವುದು, ಮತ್ತೆ ಇಬ್ಬರೂ ಇಳಿಯುವುದು. ನಾಯಿ ತಂದು ಅವಳ ಕಷ್ಟಕ್ಕೆ ಇನ್ನೂ ನಾಲ್ಕು ಕಾಲು ಸೇರಿಸಿಕೊಂಡಂತಾಯಿತು.

೫

(ನಾಲ್ಕನೆಯ ಭಾಗ ಹರಿದು ಹಾಕಿದ್ದಾಯಿತು. ಅದರಲ್ಲಿ ಒಂದು ದಿನ ನಿಜಕ್ಕೂ ಗ್ಯಾಸ್ ಸೋರುತ್ತಿತ್ತು. ನಾಯಿ ಬೊಗಳಿ, ಸೀರೆ ಎಳೆದು, ಇಡೀ ಕಟ್ಟಡವನ್ನು ಉಳಿಸಿತ್ತು.)

“ಇದನ್ನ ಯಾಕೆ ಹರಿದ್ರಿ ಅಂತ ಕೇಳಲ್ಲ,” ಎಂದಳು ಅವಳು. “ಯಾಕೆ ಬರೆದ್ರಿ ಅಂತ ಕೇಳ್ತಿದೀನಿ.”

“ರೋಮಾಂಚನ ಇರಲಿ ಅಂತ.”

“ನನ್ನ ಮನೆ ಗ್ಯಾಸ್ ಯಾವತ್ತೂ ಆಫೇ ಆಗಿರತ್ತೆ ಕಣ್ರೀ. ಅದೇ ನನ್ನ ಕಷ್ಟ. ಒಂದು ಸಲ ಆನ್ ಆಗಿದ್ದಿದ್ರೆ, ನೋಡಿ ನಾನು ಹೇಳಿದ್ದು ಸರಿಯಾಯ್ತಲ್ಲ ಅಂತ ಆರಾಮಾಗಿ ಇರ್ತಿದ್ದೆ.”



೬

ವಾರದಲ್ಲಿ ಒಂದು ದಿನ ಮನೆಯಿಂದಲೇ ಫೋನ್ ಎತ್ತಬಹುದು. ಆವತ್ತು ಅಂಥ ದಿನ. ತಲೆಗೆ ಹೆಡ್‌ಫೋನ್, ಎದುರಿಗೆ ಕಾಫಿ, ಬಾಗಿಲ ಬಳಿ ಗುಂಡ. ಯಾವುದೋ ಎತ್ತರದ ಕಟ್ಟಡದಿಂದ ಒಬ್ಬ ಮನುಷ್ಯ ಗಂಟಲು ಹರಿಯುವಂತೆ ಕೂಗುತ್ತಿದ್ದ. ಒಬ್ಬನೇ ಸಿಕ್ಕಿಕೊಂಡಿದ್ದಾನೆ, ಕೈಯಲ್ಲಿ ಐಸ್‌ಕ್ರೀಮಿನ ದೊಡ್ಡ ಡಬ್ಬಿ, ಮೇಲೆ ಮಗಳ ಗೆಳತಿಯರೆಲ್ಲ ಕಾಯುತ್ತಿದ್ದಾರೆ.

“ಗಾಬರಿ ಆಗ್ಬೇಡಿ ಸರ್, ನಾನಿದ್ದೀನಿ. ದಯವಿಟ್ಟು ಕೂತ್ಕೊಳ್ಳಿ.”

ಬಾಗಿಲ ಬಳಿ ನಿಂತಿದ್ದ ನಾಯಿ ಕೂತಿತು.

ಅವಳು ಗಮನಿಸಲಿಲ್ಲ. “ಕರಗ್ತಾ ಇದೆ ಮೇಡಂ!” ಎಂದು ಆ ಕಡೆಯಿಂದ ಕೂಗು. “ಕರಗಲಿ ಸರ್, ನೀವು ಮೊದಲು ಉಸಿರು ಬಿಡಿ,” ಎಂದಳು.

ನಾಯಿ ಉಸಿರು ಬಿಟ್ಟಿತು. ಸುಮ್ಮನೆ ಅಲ್ಲ. ಎದೆಯ ತಳದಿಂದ ಎಳೆದು, ಹೂಂ ಎಂದು ಇಡೀ ಕೋಣೆಗೆ ಕೇಳುವಂತೆ ಬಿಟ್ಟು, ಗದ್ದವನ್ನು ನೆಲಕ್ಕೆ ಚೆಲ್ಲಿತು.

ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ತಿರುಗಿದಳು. ನಾಯಿಯನ್ನೇ ನೋಡುತ್ತ, ಫೋನಿಗೆ ಹೇಳುವಂತೆ ಇನ್ನೊಮ್ಮೆ ಅಂದಳು: “ಇನ್ನೊಂದ್ಸಲ ಬಿಡಿ.”

ಹೂಂ.

ಮೆಕ್ಯಾನಿಕ್ ಹೋಗಿ ಆ ಮನುಷ್ಯನನ್ನು ಹೊರಗೆ ತೆಗೆದ. (ಐಸ್‌ಕ್ರೀಮ್ ಏನಾಯಿತು ಎನ್ನುವವರು ಬೇರೆ ಕಥೆ ಓದಿಕೊಳ್ಳಿ.) ಅವಳು ಹೆಡ್‌ಫೋನ್ ಕಳಚಿ ನೆಲದ ಮೇಲೆ ಕೂತಳು.

“ಗುಂಡ, ಬಾ.”

ಏನೂ ಇಲ್ಲ.

“ಬಾರೋ.”

ಏನೂ ಇಲ್ಲ.

“ಬನ್ನಿ.”

ಎದ್ದು ಬಂತು. ಎದುರಿಗೆ ನಿಂತು, ಮುಂದೇನು ಎಂಬಂತೆ ಮುಖ ನೋಡಿತು. ಮಡಚಿದ ಕಿವಿಯೂ ಸ್ವಲ್ಪ ಎದ್ದಿತ್ತು.

ಅವಳಿಗೆ ನಗು ಬಂತು. ನಗು ನಿಂತ ಮೇಲೆ ಇನ್ನೇನೋ ಬಂತು, ಅದನ್ನೂ ಸೆರಗಿನಿಂದ ಒರೆಸಿಕೊಂಡಳು. “ನೋಡಿ ಕಥೆ ಹೇಗಿದೆ. ನೀನು ಅನ್ನೋಕೆ ಅಂತ ಒಂದು ಜೀವ ತಂದ್ರೆ, ಇವರೂ ನೀವೇ.”

ಅಂದಿನಿಂದ ಗುಂಡ ಎಂಬ ಹೆಸರು ಹೋಯಿತು. ಏನೆಂದು ಕರೆಯಬೇಕೋ ತಿಳಿಯದೆ “ನೋಡಿ”, “ಕೇಳಿಸ್ತಾ”, “ಊಟಕ್ಕೆ ಏಳಿ” ಎಂದು, ಹಳೆಯ ಕಾಲದ ಹೆಂಡತಿ ಗಂಡನನ್ನು ಕರೆದಂತೆ ಕರೆಯತೊಡಗಿದಳು. ತಟ್ಟೆ ಇಟ್ಟು “ತಗೊಳ್ಳಿ” ಎಂದರೆ ಎದುರಿಗೇ ತಿಂದಿತು.

“ಇನ್ನೊಂದು,” ಎಂದಳು ಕಥೆ ಹೇಳುವವನಿಗೆ. “ತಿಂದಿತು, ಬಂತು ಅಂತ ಬರೀಬೇಡಿ ಇನ್ನು ಮೇಲೆ.”

“ನಾಯಿ ನಪುಂಸಕಲಿಂಗ. ವ್ಯಾಕರಣ ಒಪ್ಪುವುದಿಲ್ಲ.”

“ವ್ಯಾಕರಣಕ್ಕೆ ಬಾಲ ಇದೆಯಾ? ಇವರಿಗಿದೆ. ಬರೀರಿ.”

ಬರೆದದ್ದಾಯಿತು. ನಾಯಿಯವರು ಬಾಲ ಆಡಿಸಿದರು. (ಬಾಕಿಯಿದ್ದ ನಮಸ್ಕಾರವೂ ಇಲ್ಲೇ ಸಂದಿತು.)

೭

ಮುಂದಿನದು ಸಣ್ಣ ಸಂಗತಿ. ಆದರೆ ಈ ಕಥೆಯಲ್ಲಿ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ, ಸ್ವಲ್ಪ ಹತ್ತಿರ ಬನ್ನಿ.

ಮರುದಿನ ಬೆಳಿಗ್ಗೆ ಹೊರಡುವಾಗ ಅವಳು ಒಲೆಯ ಮುಂದೆ ನಿಂತು, ಗುಂಡಿಯನ್ನು ಬೆರಳಿಂದ ತಟ್ಟಿ, ನಾಯಿಯವರ ಕಡೆ ತಿರುಗಿ ಹೇಳಿದಳು: “ಆಫ್ ಆಗಿದೆ, ನೋಡಿದ್ರಲ್ಲ ನೀವು?” ಅವರು ನೋಡಿದ್ದರು. ಕೆಳಗಿಳಿದಾಗ ಎಂದಿನಂತೆ ಎದೆಯೊಳಗಿನ ಕೆಂಪು ಗುಂಡಿಯನ್ನು ಯಾರೋ ಒತ್ತಿದರು. “ಗ್ಯಾಸ್ ಆಫ್ ಮಾಡಿದ್ನಾ?” ಎಂದಳು ಅವಳು. ಸೈಕಲ್ಲಿಗಲ್ಲ, ಅಂಚೆಡಬ್ಬಿಗಳಿಗಲ್ಲ, ಬೆಲ್ಟಿನ ತುದಿಯಲ್ಲಿ ನಿಂತಿದ್ದ ಸಾಕ್ಷಿಗೆ. ಸಾಕ್ಷಿ ತಲೆಯೆತ್ತಿ ನೋಡಿದರು. ಅವರ ಮುಖದಲ್ಲಿ ಗಾಬರಿಯ ಗುರುತೇ ಇರಲಿಲ್ಲ. “ಉಸಿರು ಬಿಡಿ,” ಎಂದಳು. ಹೂಂ ಎಂದು ಬಿಟ್ಟರು. ಆ ಶಬ್ದ ಕೇಳಿ ಅವಳ ಉಸಿರೂ ಅದರ ಜೊತೆಗೇ ಇಳಿಯಿತು.

ಮೇಲೆ ಹತ್ತಲಿಲ್ಲ. ಬೀದಿಗೆ ಹೋದಳು.

ಇನ್ನೊಂದು ವಾರದಲ್ಲಿ ನಾಯಿಯವರಿಗೆ ಹಿಂಗಾಲು ನೋವೆಂದು ಅವಳು ಲಿಫ್ಟ್ ಹತ್ತಿದಳು. ಬಾಗಿಲು ಮುಚ್ಚಿದಾಗ ಕಣ್ಣು ಮುಚ್ಚಿಕೊಂಡಿದ್ದಳು. ಅದನ್ನು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡಿದ್ದಾಳೆ.

ಖುಷಿ ಹೊಟ್ಟೆಯಲ್ಲಿ ನಿಲ್ಲದೆ ನಾಯಿ ಆಂಟಿಗೆ ಫೋನ್ ಮಾಡಿದಳು. “ಕಿವುಡು ಅಲ್ಲ ಆಂಟಿ! ಮರ್ಯಾದೆ ಕೊಟ್ಟು ಕರೀಬೇಕು, ಅಷ್ಟೇ!” ಅವಳು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಇಲ್ಲಿಗೆ ಮುಗಿದು ಎಲ್ಲರೂ ಮನೆಗೆ ಹೋಗಬಹುದಿತ್ತು. ನಾಯಿ ಆಂಟಿ ಆ ಮಾತನ್ನು ಬಂದವರಿಗೆಲ್ಲ ಹೇಳಿ ನಗಿಸಿದಳು. ಹಾಗೆ ಕೇಳಿದವರಲ್ಲಿ ಒಬ್ಬರು ನಗಲಿಲ್ಲ. ವಾಕರ್ ಹಿಡಿದು ನಿಂತಿದ್ದ ಒಬ್ಬ ಟೈಲರ್ ಮಾಸ್ಟರು.

“ಬಹುವಚನಕ್ಕೆ ಎದ್ದು ಬರೋರು ಅಂದ್ರೆ ನಮ್ಮ ಸಾಹೇಬ್ರೇ,” ಎಂದರಂತೆ ಅವರು. “ಎಲ್ಲಿದಾರೆ?”

೭ (ಕಿತ್ತು ಹಾಕಿದ ಇನ್ನೊಂದು ರೂಪ)

ಟೈಲರ್ ಮಾಸ್ಟರು ಒಂದು ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಕೆಂಪು ಗುಂಡಿ ಒತ್ತುತ್ತಾರೆ. ಈ ತುದಿಯಲ್ಲಿ ಅವಳು. ಮಾತಿಗೆ ಮಾತು ಬಂದು ಕಳೆದುಹೋದ ನಾಯಿಯ ವಿಷಯ...

“ನಾಚಿಕೆ ಆಗಲ್ವಾ ನಿಮಗೆ?” ಎಂದಳು ಅವಳು.

ಆಯಿತು. ಕಿತ್ತು ಹಾಕಿದ.

೮

ಬೀದಿಯ ಮೂಲೆಯಲ್ಲಿ ಕಿರಿದಾದ ಅಂಗಡಿ. ಗೋಡೆಗೆ ಆಳೆತ್ತರದ ಕನ್ನಡಿ, ಬಟ್ಟೆ ಕತ್ತರಿಸುವ ಮೇಜು, ಅದರ ಕೆಳಗೆ ಚೂರುಬಟ್ಟೆಯ ಗುಡ್ಡೆ, ಗುಡ್ಡೆಯ ನಡುವೆ ಒಂದು ತಗ್ಗು. ತಗ್ಗಿನ ಅಳತೆ ಯಾವುದೋ ಪ್ರಾಣಿಯದು. ಟೈಲರ್ ಮಾಸ್ಟರು ಬಾಗಿಲಿಗೆ ಬೆನ್ನು ಹಾಕಿ ಒಬ್ಬ ದಪ್ಪನೆಯ ಗಿರಾಕಿಯ ಅಳತೆ ತೆಗೆಯುತ್ತಿದ್ದರು. ಒಂದು ಕೈ ವಾಕರಿನ ಮೇಲೆ, ಇನ್ನೊಂದರಲ್ಲಿ ಟೇಪು. ಒಂದ್ಸಲ ನೋಡ್ಬೇಕು, ಕರೆತರ್ತೀರಾ ಎಂದು ನಾಯಿ ಆಂಟಿಯಿಂದ ನಂಬರು ಪಡೆದು ಅವರೇ ಫೋನ್ ಮಾಡಿದ್ದರು. ಅವಳು ಎಂದಿನಂತೆ ಸರಿ ಎಂದಿದ್ದಳು. ಹೊಸಿಲಲ್ಲೇ ನಿಂತಳು, ಬೆಲ್ಟನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು.

“ನೆಟ್ಟಗೆ ನಿಂತ್ಕೊಳ್ಳಿ,” ಎಂದರು ಮಾಸ್ಟರು ಗಿರಾಕಿಗೆ.

ಅವಳ ಪಕ್ಕದಲ್ಲಿ ನಾಯಿಯವರು ನೆಟ್ಟಗೆ ನಿಂತರು.

“ಕೈ ಎತ್ತಿ.”

ಮುಂಗಾಲೊಂದು ಮೇಲೆದ್ದಿತು.

“ಈ ಕಡೆ ತಿರುಗಿ.”

ತಿರುಗಿದರು.

“ಹೊಟ್ಟೆ ಒಳಗೆ ಎಳ್ಕೋಬೇಡಿ. ನನ್ನ ಮುಂದೆ ಎಂಥ ನಾಟಕ. ಉಸಿರು ಬಿಡಿ.”

ಹೂಂ, ಎಂದು ಹೊಸಿಲಿನಿಂದ ಕೇಳಿತು.

ಗಿರಾಕಿ ಉಸಿರು ಬಿಡುವುದನ್ನೇ ಮರೆತು, “ಓಹೋ, ಸಾಹೇಬ್ರು ವಾಪಸ್ ಬಂದ್ರಲ್ಲ!” ಎಂದ. ಮಾಸ್ಟರು ತಿರುಗಲಿಲ್ಲ. ಕನ್ನಡಿಯಲ್ಲಿ ನೋಡಿದರು. ಟೇಪು ಕೈಯಿಂದ ಜಾರಿತು.

ಗಿರಾಕಿ ಹೋದ ಮೇಲೆ ಮಾಸ್ಟರು ಸ್ಟೂಲಿನ ಮೇಲೆ ಕೂತರು. “ಬನ್ನಿ ಸಾಹೇಬ್ರೇ.” ಬೆಲ್ಟ್ ಬಿಗಿಯಾಯಿತು. ಅವಳು ಎರಡು ಹೆಜ್ಜೆ ಮುಂದೆ ಹೋಗಬೇಕಾಯಿತು. ನಾಯಿಯವರು ಹೋಗಿ ಮಾಸ್ಟರ ಚಪ್ಪಲಿಯ ಮೇಲೆ ಗದ್ದ ಇಟ್ಟರು.

“ಬಿದ್ದು ಸೊಂಟ ಮುರ್ಕೊಂಡೆ,” ಎಂದರು ಅವರು. “ಆಸ್ಪತ್ರೆ, ಆಮೇಲೆ ತಂಗಿ ಮನೆ. ತಂಗಿಗೆ ನಾಯಿ ಅಂದ್ರೆ ಹೆದರಿಕೆ. ಎಲ್ಲಿ ಬಿಟ್ಟಳು ಅಂತ ಅವಳಿಗೂ ನೆಟ್ಟಗೆ ನೆನಪಿರಲಿಲ್ಲ. ನಡೆಯೋ ಹಾಗಾದ ಕೂಡಲೇ ಹುಡುಕೋಕೆ ಶುರು ಮಾಡಿದೆ.”

“ನಾಯಿಗೆ ಯಾಕೆ ನೀವು ಅಂತಿದ್ರಿ?” ಅವಳಿಗೆ ಕೇಳದೆ ಇರಲಾಗಲಿಲ್ಲ.

“ನಾನು ಯಾರಿಗೂ ನೀನು ಅನ್ನಲ್ಲ. ತಂಗಿಗೆ ಅಂತೀನಿ, ಅದೂ ಕೋಪ ಬಂದಾಗ. ನಮ್ಮದು ಮೈ ಮುಟ್ಟಿ ಮಾಡೋ ಕೆಲಸ. ಕೈ ಅಷ್ಟು ಹತ್ತಿರ ಹೋಗೋವಾಗ ಮಾತು ಸ್ವಲ್ಪ ದೂರ ನಿಂತ್ಕೋಬೇಕು. ಇವರು ಮೇಜಿನ ಕೆಳಗೇ ಬೆಳೆದ್ರು, ಅದನ್ನೇ ಕಲಿತ್ರು.” ಅವರ ಬೆರಳು ಮಡಚಿದ ಕಿವಿಯನ್ನು ಬಿಡಿಸುತ್ತಿತ್ತು; ಕಾಲರಿನ ಮಡಿಕೆ ಬಿಡಿಸುವ ಹಾಗೆ. “ನಿಮ್ಮ ಹತ್ತಿರ ಚೆನ್ನಾಗಿದಾರೆ. ಮೈ ತುಂಬಿದೆ. ಕೇಳೋಕೆ ನನಗೆ ಬಾಯಿಲ್ಲ, ಆದ್ರೂ ಕೇಳ್ತೀನಿ. ಸಾಯಂಕಾಲ ಅಂಗಡಿ ಮುಚ್ಚಿದ ಮೇಲೆ ಇಲ್ಲಿ ನಾನೊಬ್ಬನೇ ಇರ್ತೀನಿ. ಇವರನ್ನ ಇಲ್ಲೇ ಬಿಟ್ಟು ಹೋಗ್ತೀರಾ?”

ಅವಳು ಬಾಯಿ ತೆರೆದಳು. ನಾಲಿಗೆಯ ತುದಿಯಲ್ಲಿ, ವರ್ಷಗಳಿಂದ ಹೇಳಿ ಹೇಳಿ ರೂಢಿಯಾಗಿದ್ದ ‘ಸರಿ’ ಸಿದ್ಧವಾಗಿತ್ತು.

೯

ಇಲ್ಲಿ ಕಥೆ ಹೇಳುವವನು ಕೈ ಅಡ್ಡ ಹಿಡಿದ. ಓದುವವರೇ, ಎಲ್ಲರೂ ಇದ್ದಲ್ಲೇ ಇರಲಿ. ಮಾಸ್ಟರ ಬೆರಳು ಕಿವಿಯ ಮೇಲೆ, ಅವಳ ಬಾಯಿ ಅರ್ಧ ತೆರೆದು. ಮುಕ್ತಾಯಗಳನ್ನು ನೋಡೋಣ.

ಮೊದಲನೆಯದು. ಅವಳು ಬೆಲ್ಟನ್ನು ಮಾಸ್ಟರ ಕೈಗೆ ಕೊಟ್ಟು ಒಬ್ಬಳೇ ಮನೆಗೆ ಬರುತ್ತಾಳೆ. ಮನಸ್ಸು ಹಗುರ. ಕೊಡುವುದರಲ್ಲೇ ಸಿಗುವುದು ಇದೆ ಎಂದು ತಿಳಿಯುತ್ತದೆ.

“ಯಾರಿಗೆ ತಿಳಿಯತ್ತೆ?” ಎಂದಳು. “ಮಾರನೇ ದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ನಿಂತು ಗ್ಯಾಸ್ ಆಫ್ ಮಾಡಿದ್ನಾ ಅಂತ ಆ ಸೈಕಲ್ಲನ್ನ ಕೇಳೋದು ನಾನು. ನೀವು ಬರ್ತೀರಾ ಅಲ್ಲಿಗೆ?”

ಎರಡನೆಯದು. ಹಂಚಿಕೊಳ್ಳುತ್ತಾರೆ. ಹಗಲು ಅಂಗಡಿಯಲ್ಲಿ, ರಾತ್ರಿ ಅವಳ ಮನೆಯಲ್ಲಿ.

“ಊಟದ ಕ್ಯಾರಿಯರ್ ಥರ? ಅವರು ಆಗಲೇ ಹೇಳಿದ್ರು, ಅವರಿಗೂ ಬೇಕಾಗಿರೋದು ಅಂಗಡಿ ಮುಚ್ಚಿದ ಮೇಲೆ. ಕಿವಿ ಎಲ್ಲಿಟ್ಟಿದ್ರಿ ನೀವು?”

ಮೂರನೆಯದು. ಅವಳೂ ಮಾಸ್ಟರೂ ಮದುವೆಯಾಗಿ...

“ನಮ್ಮಪ್ಪ ಬದುಕಿದ್ದಿದ್ರೆ ಅವರ ವಯಸ್ಸು. ಮ್ಯಾಟ್ರಿಮೊನಿ ಇಟ್ಕೊಂಡಿದೀರಾ?”

ನಾಲ್ಕನೆಯದು. ನಾಯಿಗೆ ಹೇಗೂ ವಯಸ್ಸಾಗಿದೆ, ಒಂದು ಮುಂಜಾನೆ ನಿದ್ದೆಯಲ್ಲೇ...

ಅವಳು ಕಥೆ ಹೇಳುವವನನ್ನು ನೋಡಿದಳು, ಅಷ್ಟೇ. ನಾಲ್ಕನೆಯದನ್ನು ಅವನೇ ಅಳಿಸಿದ. ಅಳಿಸಿದ ಗುರುತೂ ಉಳಿಯದ ಹಾಗೆ ಅಳಿಸಬೇಕಿತ್ತು, ಆಗಲಿಲ್ಲ.

ಅವನಿಗೆ ಮನಸ್ಸಿದ್ದದ್ದು ಮೊದಲನೆಯದರ ಮೇಲೆ. ಕೇಳಿ ಬೆಳೆದ ಪದ್ಯಗಳಲ್ಲೆಲ್ಲ ಕೇಳಿದವರಿಗೆ ಇಲ್ಲವೆನ್ನದೆ ಕೊಟ್ಟವರೇ ದೊಡ್ಡವರು. ಓದುವ ದನಿಯೂ ಅಲ್ಲಿ ತುಂಬಿ ಬರುತ್ತಿತ್ತು, ಕೇಳುವವರ ಕಣ್ಣೂ. ಕೊಡಲ್ಲ ಎಂದವಳ ಮೇಲೆ ಒಂದು ಪದ್ಯವೂ ಇಲ್ಲ. ಅವನೇನು ಮಾಡಬೇಕು?

೧೦

ಅಂಗಡಿಯಲ್ಲಿ ಎಲ್ಲ ಇದ್ದ ಹಾಗೇ ಇತ್ತು.

“ಕೊಟ್ಟುಬಿಡು,” ಎಂದು ಕಥೆ ಹೇಳುವವನು ಅವಳ ಕಿವಿಯಲ್ಲಿ ಪಿಸುಗುಟ್ಟಿದ. “ನೋಡು, ಅವರೂ ಒಬ್ಬರೇ. ಕಾಲೂ ಸರಿಯಿಲ್ಲ. ಮೊದಲು ಸಾಕಿದವರು ಅವರು. ಓದುವವರೆಲ್ಲ ನಿನ್ನನ್ನು ಎಷ್ಟು ಒಳ್ಳೆಯವಳು ಅಂತಾರೆ.”

“ನೀನು ಸುಮ್ನಿರೋ!” ಎಂದಳು ಅವಳು, ಗಟ್ಟಿಯಾಗಿ.

ನಾಯಿಯವರು ಕದಲಲಿಲ್ಲ. ಅದು ತಮಗೆ ಹೇಳಿದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಮಾಸ್ಟರು ಮಾತ್ರ ಬೆಚ್ಚಿಬಿದ್ದರು. “ನನಗೆ ಅಂದ್ರಾ?”

“ಛೆ ಛೆ, ನಿಮಗಲ್ಲ. ಇಲ್ಲೊಬ್ಬ ಇದ್ದಾನೆ, ಕಥೆ ಹೇಳೋನು. ಮಧ್ಯೆ ಮಧ್ಯೆ ಬಾಯಿ ಹಾಕ್ತಾನೆ.”

ಮಾಸ್ಟರು ಅಂಗಡಿಯನ್ನೊಮ್ಮೆ ಸುತ್ತ ನೋಡಿ, ಯಾರೂ ಕಾಣದೆ, ಎಲ್ಲ ಮನೆಗಳಲ್ಲೂ ಅಂಥವನೊಬ್ಬ ಇರುತ್ತಾನೆ ಎಂಬಂತೆ ತಲೆಯಾಡಿಸಿದರು. ಆಮೇಲೆ ಅವಳನ್ನು ನೋಡಿದರು. ಹೆಗಲು ಕಿವಿಯ ಮಟ್ಟಕ್ಕೆ ಏರಿತ್ತು, ಹೊಟ್ಟೆ ಒಳಗೆ ಸೆಳೆದುಕೊಂಡಿತ್ತು, ಬೆಲ್ಟ್ ಸುತ್ತಿದ ಕೈ ಬೆಳ್ಳಗಾಗಿತ್ತು. ಎಷ್ಟೋ ವರ್ಷಗಳಿಂದ ಉಸಿರು ಹಿಡಿದು ನಿಂತವರನ್ನೇ ನೋಡಿದವರು ಅವರು. ಅಭ್ಯಾಸಬಲದಿಂದ ಮಾತು ಬಂದೇಬಿಟ್ಟಿತು.

“ಉಸಿರು ಬಿಡಿ.”

ಚಪ್ಪಲಿಯ ಮೇಲಿನಿಂದ ಹೂಂ ಎಂದು ಕೇಳಿತು. ಅದರ ಜೊತೆಗೇ ಅವಳೂ ಬಿಟ್ಟಳು, ಎದೆಯ ತಳದಿಂದ, ಇಡೀ ಅಂಗಡಿಗೆ ಕೇಳುವಂತೆ. ಹೆಗಲು ಇಳಿಯಿತು. ನಾಲಿಗೆಯ ತುದಿಯಲ್ಲಿ ನಿಂತಿದ್ದ ‘ಸರಿ’ಯೂ ಆ ಉಸಿರಿನ ಜೊತೆ ಎಲ್ಲೋ ಹೋಯಿತು.

“ಬಿಟ್ಟು ಹೋಗ್ತೀರಾ?” ಎಂದು ಮಾಸ್ಟರು ಇನ್ನೊಮ್ಮೆ, ಮೆಲ್ಲಗೆ ಕೇಳಿದರು.

“ಇಲ್ಲ,” ಎಂದಳು ಅವಳು. “ಕೊಡಲ್ಲ.”